ರಾಸ್ ಮಾರಲಿದ್ದ ಉಕ್ಕಿನ ಪಿಸ್ತೂಲು

ಇದನ್ನು ಹೇಳಲು ಹೊರಟಿದ್ದೇ ಅಧಿಕಪ್ರಸಂಗವಾಯಿತೇನೋ. ಪಿಸ್ತೂಲಿನ ವಿಷಯ ಬರೆಯಲು ಅದನ್ನು ಬಲ್ಲವರಿದ್ದಾರೆ, ಗಂಡಹೆಂಡಿರ ಒಳಮಾತು ಬರೆಯಲು ಅದಕ್ಕೆ ತಕ್ಕ ಕೈಯವರಿದ್ದಾರೆ. ನಾನು ಎರಡೂ ಅಲ್ಲ. ಎಲ್ಲಾದರೂ ಹೆಚ್ಚುಕಡಿಮೆಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಜೀರಾ ಗದಗಿನವಳು. ಆಕ್ಲೆಂಡಿನ ಒನೆಹುಂಗಾದ ಒಂದು ಲ್ಯಾಬಿನಲ್ಲಿ ಕಟ್ಟಿಸುವ ಹಲ್ಲು ಮಾಡುವ ಕೆಲಸ. ಲ್ಯಾಬಿನ ಗೆಳತಿಯೊಬ್ಬಳು ಒಂದು ಶನಿವಾರ ತಮಾಷೆಗೆಂದು ಪಿಸ್ತೂಲು ಕ್ಲಬ್ಬಿಗೆ ಕರೆದುಕೊಂಡು ಹೋದಳು. ಆ ಗೆಳತಿ ಮತ್ತೆ ಅತ್ತ ಸುಳಿಯಲಿಲ್ಲ; ನಜೀರಾ ಬಿಡಲಿಲ್ಲ. ಹಲ್ಲಿನ ಮೇಲೆ ಕೂದಲೆಳೆಯಷ್ಟು ಗೆರೆ ಕೊರೆದು ಪಳಗಿದ ಕೈ, ಗುರಿಯ ಮೇಲೂ ನಿಂತಿತು. ಅಲ್ಲಿ ಯಾರೂ ಅವಳನ್ನು ಆಂಟಿ ಎನ್ನುತ್ತಿರಲಿಲ್ಲ, ಯಾರ ಹೆಂಡತಿ ಎಂದು ಕೇಳುತ್ತಿರಲಿಲ್ಲ. ಉಸಿರು, ಬೆರಳು, ಎದುರಿಗೊಂದು ಕಾಗದ. ವಾರಪೂರ್ತಿ ತಲೆಯಲ್ಲಿ ಗಿಜಿಗುಡುತ್ತಿದ್ದದ್ದೆಲ್ಲ ಆ ಹೊತ್ತು ಸುಮ್ಮನಾಗುತ್ತಿತ್ತು.

ಇಷ್ಟು ದಿನ ಅವಳು ಹೊಡೆಯುತ್ತಿದ್ದದ್ದು ಕ್ಲಬ್ಬಿನ ಪಿಸ್ತೂಲಿನಿಂದ. ಅದರ ಒಡಲು ಪ್ಲಾಸ್ಟಿಕ್ಕಿನದು; ಹಗುರ, ಹೊಡೆದಾಗಲೆಲ್ಲ ಮೂತಿ ಮೇಲಕ್ಕೆ ಹಾರುವಂಥದ್ದು. ಹೀಗಿರುವಾಗ ಕ್ಲಬ್ಬಿನ ಹಿರಿಯ ರಾಸ್, ಮಗನ ಹತ್ತಿರ ಆಸ್ಟ್ರೇಲಿಯಾಕ್ಕೆ ಹೋಗುವವನು, ತನ್ನ ಪಿಸ್ತೂಲನ್ನು ಮಾರುವುದಾಗಿ ಹೇಳಿದ. ಪೂರ್ತಿ ಉಕ್ಕಿನದು, ಹಿಡಿಗೆ ಆಕ್ರೋಟು ಮರದ ಹಲಗೆ. ಬೇರೆಯವರಿಗೆ ಹೇಳುವ ಮೊದಲು ನೀನು ಹಿಡಿದು ನೋಡು ಎಂದು ಅವಳ ಕೈಗೇ ಕೊಟ್ಟ.

ಹಿಡಿದಳು. ಮೊದಲು ಮಣಿಕಟ್ಟು ಕೆಳಗೆ ಜಗ್ಗಿತು. ಆಮೇಲೆ ಆ ಭಾರವೇ ಕೈಯನ್ನು ಹಿಡಿದು ನಿಲ್ಲಿಸಿತು. ಕುದುರೆ, ಅಂದರೆ ಟ್ರಿಗರ್, ಒತ್ತಿದರೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಏಟು ಹಾರಿದ ಮೇಲೂ ಮೂತಿ ಗುರಿಯ ಆಸುಪಾಸಿನಲ್ಲೇ. ಕಾಗದ ತಂದು ನೋಡಿದಾಗ ತೂತುಗಳೆಲ್ಲ ಒಂದು ಅಂಗೈಯಲ್ಲಿ ಮುಚ್ಚುವಂತಿದ್ದವು. ರಾಸ್ ಹುಬ್ಬು ಏರಿಸಿದ.

ಬೆಲೆ ಪ್ಲಾಸ್ಟಿಕ್ಕಿನದರ ದುಪ್ಪಟ್ಟಿಗೂ ಮೇಲೆ. ಆದರೆ ನಜೀರಾಳನ್ನು ತಡೆದದ್ದು ಬೆಲೆಯಲ್ಲ. ಕ್ಲಬ್ಬಿನ ಪಿಸ್ತೂಲು ಕ್ಲಬ್ಬಿನಲ್ಲೇ ಇರುತ್ತಿತ್ತು. ಕೊಂಡದ್ದು ತಕಾನಿನಿ ಬಡಾವಣೆಯ ಅವಳ ಮನೆಗೆ ಬರುತ್ತದೆ. ಆ ಮನೆಯಲ್ಲಿ ಮುಜಮ್ಮಿಲ್ ಇದ್ದಾನೆ.

ಮುಜಮ್ಮಿಲ್ ಅವಳ ಗಂಡ. ಮೂರು ಚಳಿಗಾಲದ ಹಿಂದೆ ಅವನ ಕಾರ್ಖಾನೆ ಮುಚ್ಚಿತು. ಆಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಏಳಲಿಲ್ಲ. ಗಡ್ಡ ಬೋಳಿಸಲಿಲ್ಲ, ಮಗಳು ಅರೀಬಾ ಕರೆದರೆ ಓಗೊಡಲಿಲ್ಲ. ಒಂದು ದಿನ, ಚಹಾ ಬೇಕೇ ಎಂದು ಕೇಳಿದ್ದಕ್ಕೆ, "ನಾ ಇಲ್ಲಂದ್ರ ನಿಮಗ ಹಗುರ ಆಗ್ತದ" ಎಂದಿದ್ದ. ಅವತ್ತೇ ಅವನನ್ನು ಡಾಕ್ಟರ ಹತ್ತಿರ ಎಬ್ಬಿಸಿಕೊಂಡು ಹೋದಳು. ಮಾತ್ರೆ, ಮಾತುಕತೆ, ನಿಧಾನವಾಗಿ ಬೆಳಕು. ಈಗ ಕೊರಿಯರ್ ವ್ಯಾನು ಓಡಿಸುತ್ತಾನೆ, ಬಚ್ಚಲಲ್ಲಿ ಹಾಡುತ್ತಾನೆ. ನಜೀರಾಳ ಪಿಸ್ತೂಲಿನ ಲೈಸೆನ್ಸಿಗಾಗಿ ಪೊಲೀಸ್ ಅಧಿಕಾರಿಣಿ ಮನೆಗೆ ಬಂದು ಅವನನ್ನು ಪ್ರತ್ಯೇಕ ಕೂರಿಸಿ ಕೇಳಿದಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ಡಾಕ್ಟರೂ ಒಳ್ಳೆಯ ಮಾತು ಹೇಳಿದರು. ಕಪಾಟಿನೊಳಗೆ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಉಕ್ಕಿನ ಪೆಟ್ಟಿಗೆಯನ್ನೂ ಆಕೆ ಅಲುಗಾಡಿಸಿ ನೋಡಿದಳು. ಪೊಲೀಸರಿಗೆ ಸಮಾಧಾನವಾಯಿತು. ನಜೀರಾಳಿಗೆ ಪೂರ್ತಿ ಆಗಿರಲಿಲ್ಲ. ಪೆಟ್ಟಿಗೆ ಖಾಲಿ ಇದ್ದಷ್ಟು ಕಾಲ ಅದನ್ನು ಯೋಚಿಸದೆ ಇರಬಹುದಾಗಿತ್ತು.

ಯಾರನ್ನು ಕೇಳುವುದು? ಭಾನುವಾರ ಏವನ್‌ಡೇಲ್ ಸಂತೆಯಲ್ಲಿ ಮೈಸೂರಿನ ಕಮಲಾ ಸಿಕ್ಕರು. ಮೆಂತ್ಯ ಸೊಪ್ಪಿನ ಕಟ್ಟು ಆರಿಸುತ್ತ ನಜೀರಾ ಪಿಸ್ತೂಲಿನ ಸುದ್ದಿ ತೆಗೆದಳು, ಉಳಿದದ್ದನ್ನು ತೆಗೆಯಲಿಲ್ಲ.

"ಏನಮ್ಮಾ ನಜೀರಾ, ಕಬ್ಬಿಣಕ್ಕೆ ಅಷ್ಟೊಂದು ಕೊಡ್ತಾರಾ? ಎರಡು ಬಳೆ ಬರುತ್ತೆ ಕಣೆ! ನಾಳೆ ಅರೀಬಾ ಮದುವೇಲಿ ಪಿಸ್ತೂಲು ಹಾಕಿ ಕಳಿಸ್ತೀಯಾ?"

"ಹಂಗರ ಬೀಗರು ಅಂಜಿ ಸುಮ್ಮನಿರ್ತಾರ್ರಿ, ಆಂಟಿ."

ಕಮಲಾ ಸೊಪ್ಪು ಅಲ್ಲೇ ಬಿಟ್ಟು ನಕ್ಕರು. ಆಮೇಲೆ ದನಿ ತಗ್ಗಿಸಿ, "ಅಥವಾ ಇಲ್ಲಿನ ಜನ ಏನಾದ್ರೂ ಅಂದ್ಕೋತಾರೆ ಅಂತ ಯೋಚನೇನಾ? ಈಗಿನ ಕಾಲದಲ್ಲಿ, ನಿಮ್ಮಂಥ ಮುಸ್ಲಿಂ ಹೆಸರಿಟ್ಕೊಂಡು..." ಎಂದರು.

ಅದೂ ಅಲ್ಲ. ನಜೀರಾ ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಹಣ ಎಣಿಸಿದಳು. ಕಮಲಾ ಒಂದರ ಮೇಲೊಂದು ಕಾರಣ ಹುಡುಕಿಕೊಡುತ್ತಿದ್ದರು. ನಿಜವಾದ ಕಾರಣ ಹೇಳಿದರೆ ಗಂಡನ ಮಾನವನ್ನು ಸಂತೆಯಲ್ಲಿ ಹರವಿದಂತೆ.

ಕೊನೆಗೆ ದೇವರನ್ನೇ ಕೇಳಿದಳು. ಇಸ್ತಿಖಾರಾ ಎಂದರೆ, ಈ ಕೆಲಸದಲ್ಲಿ ಒಳ್ಳೆಯದಿದ್ದರೆ ಹತ್ತಿರ ಮಾಡು, ಕೇಡಿದ್ದರೆ ದೂರ ಮಾಡು ಎಂದು ಬೇಡಿಕೊಳ್ಳುವ ನಮಾಜು. ಚಾಪೆ ಮಡಚುವಾಗ ಮುಜಮ್ಮಿಲ್ ಬಾಗಿಲಲ್ಲಿ ನಿಂತಿದ್ದ.

"ಏನ ಇಷ್ಟು ಉದ್ದ ದುವಾ?"

"ಇಸ್ತಿಖಾರಾ ಮಾಡಿದೆ. ಆ ರಾಸನ ಪಿಸ್ತೂಲಿಗೆ."

"ಯಾ ಅಲ್ಲಾ! ಮದುವಿಗೆ ಮಾಡ್ತಾರ, ಮನಿ ಕೊಳ್ಳಾಕ ಮಾಡ್ತಾರ. ಪಿಸ್ತೂಲಿಗೆ ಮಾಡಿದಾಕಿ ಇಡೀ ಗದಗ ಜಿಲ್ಲಾದಾಗ ನೀನ ಮೊದಲ." ಅವನು ಮಗಳತ್ತ ತಿರುಗಿದ. "ಕೇಳಿದೇನ ಅರೀಬಾ, ನಿಮ್ಮಮ್ಮನ ಕತಿ?"

"ಜಸ್ಟ್ ಬೈ ಇಟ್, ಮಮ್," ಎಂದಳು ಅರೀಬಾ, ಟಿವಿಯಿಂದ ಕಣ್ಣು ಕೀಳದೆ.

ಬೇಡಿಕೆಗೆ ಉತ್ತರವಾಗಿ ಯಾವ ಕನಸೂ ಬೀಳಲಿಲ್ಲ. ಮನಸ್ಸು ಒಂದು ಕಡೆಗೆ ವಾಲಲಿಲ್ಲ. ಮುಂದಿನ ಶನಿವಾರ ಮುಜಮ್ಮಿಲ್ ತಾನಾಗಿಯೇ, "ನಡಿ, ನಾನೂ ಬರ್ತೀನಿ. ಏನೈತಿ ಅದರಾಗ, ನೋಡೂಣು" ಎಂದು ಹೊರಟ.

ಕ್ಲಬ್ಬಿನಲ್ಲಿ ರಾಸ್ ಪಿಸ್ತೂಲನ್ನು ಖಾಲಿ ಮಾಡಿ, ಮೇಲಿನ ಭಾಗ ಹಿಂದಕ್ಕೆಳೆದು ತೆರೆದೇ ನಿಲ್ಲಿಸಿ ಅವನ ಮುಂದಿಟ್ಟ. ಮುಜಮ್ಮಿಲ್ ಅದನ್ನು ಎತ್ತಿಕೊಂಡ. ಮೂತಿ ಗುರಿಯತ್ತಲೇ ಇತ್ತು, ಬೆರಳು ಕುದುರೆಯ ಹೊರಗೇ ಇತ್ತು. ಎಲ್ಲವೂ ಸರಿಯಾಗಿಯೇ ಇತ್ತು. ನಜೀರಾ ನೋಡುತ್ತಿದ್ದದ್ದು ಅವನ ಮುಖ. ಮೀನಿನ ಅಂಗಡಿಯಲ್ಲಿ ಮೀನು ತೂಗಿ ನೋಡುವಾಗಿನ ಮುಖ, ಬೇರೇನಿಲ್ಲ. ಆಮೇಲೆ ಅವಳು ಹೊಡೆಯುವುದನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ.

"ಅದನ್ನ ಹಿಡಿದ್ರ ನೀ ಬ್ಯಾರೇನ ಕಾಣ್ತಿ," ಎಂದ, ವಾಪಸು ಬರುವಾಗ ಕಾರಿನಲ್ಲಿ. "ಮಾಲು ಚೊಲೊ ಐತಿ. ತಗೋ."

ಅವಳು ಗೇರು ಬದಲಿಸಿದಳು.

"ಒಂದ ಮಾತು," ಎಂದ ಅವನೇ ಮತ್ತೆ. "ಕೀಲಿ ಎಲ್ಲಿಡ್ತಿ ಅನ್ನೋದು ನನಗ ಗೊತ್ತಾಗಬಾರ್ದು."

"ಕಾಯ್ದೇನ ಹಂಗ ಐತಲ್ರಿ. ಲೈಸೆನ್ಸ್ ಇದ್ದವರ ಹತ್ರಾನ ಕೀಲಿ ಇರಬೇಕಂತ ಆ ಪೊಲೀಸಿನಾಕಿ ಹೇಳಿದ್ಲಲ್ಲ."

"ಹ್ಞೂಂ. ಹೇಳಿದ್ಲು."

ಕಾರು ಎರಡು ಸಿಗ್ನಲ್ ದಾಟಿತು. ಆಮೇಲೆ ನಜೀರಾ, ಮೂರು ವರ್ಷ ಕೇಳದೆ ಉಳಿಸಿಕೊಂಡದ್ದನ್ನು ರಸ್ತೆ ನೋಡುತ್ತಲೇ ಕೇಳಿದಳು.

"ಕಾಯ್ದೆ ಸಲುವಾಗಿ ಅಂದ್ರೋ, ನಿಮ್ಮ ಸಲುವಾಗಿ ಅಂದ್ರೋ?"

"ನನ್ನ ಹುಚ್ಚ ಅಂತ ತಿಳಕೊಂಡಿಯೇನು?"

"ಹುಚ್ಚನ ಸಂಗಾಟ ಇಷ್ಟು ವರ್ಷ ಬಾಳೇ ಮಾಡಿದ್ರ ನಾನೂ ಹುಚ್ಚೀನ. ಕೇಳಿದ್ದಕ್ಕ ಹೇಳ್ರಿ."

ಅವನು ನಕ್ಕ, ಆಮೇಲೆ ನಗಲಿಲ್ಲ. "ಈಗ ಏನೂ ಇಲ್ಲ ನಜೀರಾ. ಖರೇನ ಇಲ್ಲ. ಆದ್ರ ಆ ಚಳಿಗಾಲದಾಗ ಗೋಡಿ ಕಡೆ ಮಾರಿ ಮಾಡಿ ಮಲಗಿದ್ನಲ್ಲ, ಅಂವಾ ಯಾರಂತ ನನಗ ಈಗೂ ತಿಳಿದಿಲ್ಲ. ಮತ್ತ ಬರಂಗಿಲ್ಲ ಅಂತ ಅವನ ಪರವಾಗಿ ನಾ ಹೆಂಗ ಮಾತು ಕೊಡ್ಲಿ?"

"ಹಂಗರ ಬ್ಯಾಡ."

"ನನ್ನ ಸಲುವಾಗಿ ಬಿಡಬ್ಯಾಡ! ಆ ಭಾರಾನೂ ನನ್ನ ತಲಿ ಮ್ಯಾಲೆ ಹೊರಸ್ತಿ. ನಿನಗಂತ ಇರೋದು ಅದೊಂದ. ಕೀಲಿ ಲ್ಯಾಬಿನ್ಯಾಗ ಇಡು, ಕೊಳ್ಳಾಗ ಕಟ್ಟಿಕೊ."

"ಕೊಳ್ಳಾಗ ಕಟ್ಟಿಕೊಂಡ್ರ ನಿಮ್ಮ ಮಾರಿ ಡಲ್ ಆದಾಗೆಲ್ಲ ನನ್ನ ಕೈ ಕೊಳ್ಳಿಗೆ ಹೋಗ್ತೈತ್ರಿ. ನಿಮ್ಮನ್ನ ಕಾಯೋ ಪೊಲೀಸ್ ಆಗ್ತೀನಿ. ಅದು ಬ್ಯಾಡ ನನಗ."

ಮುಜಮ್ಮಿಲ್ ಕಿಟಕಿಯ ಕಡೆ ತಿರುಗಿದ. ಸಿಟ್ಟೋ, ಸಂಕಟವೋ, ಅವಳಿಗೆ ಕಾಣಲಿಲ್ಲ. ಮನೆಯ ಮುಂದೆ ಕಾರು ನಿಂತಾಗ, ಇಳಿಯದೆ, "ನೀ ಕೇಳಿದ್ದು ಚೊಲೊ ಆತು" ಎಂದಷ್ಟೇ ಹೇಳಿದ.

ಕೊಳ್ಳುವುದಿಲ್ಲ ಎನ್ನಲು ರಾಸ್‌ಗೆ ಏನು ಕಾರಣ ಹೇಳುವುದೆಂದು ವಾರವಿಡೀ ಯೋಚಿಸಿದಳು. ಕೈಗೆ ಭಾರ ಎಂದರೆ ಮುಗಿಯುತ್ತಿತ್ತು. ಆದರೆ ಅವನು ಆ ಕಾಗದದ ತೂತುಗಳನ್ನು ನೋಡಿದವನು. "ಪಿಸ್ತೂಲು ಕೇಳಿದ ಹಣಕ್ಕೆ ತಕ್ಕದ್ದು. ನಮ್ಮ ಮನೆಯಲ್ಲಿ ಇಡುವುದು ಮಾತ್ರ ಸರಿಯಲ್ಲ" ಎಂದಳು, ಕಲಿತ ಇಂಗ್ಲಿಷಿನಲ್ಲಿ, ಎರಡು ಸಲ ತಡವರಿಸಿ. ಅವನು ಏಕೆ ಎನ್ನಲಿಲ್ಲ. ಹಾಗಾದರೆ ನಾನು ಹೊರಡುವವರೆಗೆ ಇಲ್ಲಿ ಬಂದಾಗ ಇದರಲ್ಲೇ ಹೊಡಿ ಎಂದ. ಅವಳು ಕೆಲವು ಶನಿವಾರ ಹೊಡೆದಳು. ಆಮೇಲೆ ಅದು ಹ್ಯಾಮಿಲ್ಟನ್ನಿನ ಯಾರದೋ ಪಾಲಾಯಿತು. ನಜೀರಾ ಮತ್ತೆ ಕ್ಲಬ್ಬಿನ ಪ್ಲಾಸ್ಟಿಕ್ಕಿನದನ್ನು ಹಿಡಿದಳು. ಮೂತಿ ಹಾರುತ್ತದೆ, ತೂತುಗಳು ಚೆದುರುತ್ತವೆ, ಅವಳು ಬಯ್ದುಕೊಂಡು ಮತ್ತೆ ತುಂಬುತ್ತಾಳೆ.

ಆ ಪಿಸ್ತೂಲು ತಕಾನಿನಿಯ ಮನೆಗೆ ಬಂದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲವೇನೋ. ಮುಜಮ್ಮಿಲ್ ಇವತ್ತಿಗೂ ವ್ಯಾನು ಓಡಿಸುತ್ತಾನೆ, ಹಾಡುತ್ತಾನೆ. ಹೆಂಡತಿ ತನ್ನನ್ನು ನಂಬಲಿಲ್ಲ ಎಂಬ ನೋವು ಅವನೊಳಗೆ ಉಳಿದಿದೆಯೋ ಇಲ್ಲವೋ, ಅವನು ಹೇಳಿಲ್ಲ. ಅವಳು ಮತ್ತೆ ಕೇಳಿಲ್ಲ. ನನಗಂತೂ ಗೊತ್ತಿಲ್ಲ.