ಹಚ್ಚೆ ಎಂಬ ಪ್ರಾಪರ್ಟಿ

ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟ ದೇವಿಂದ್ರ, ಶಹಾಬಾದಿನ ಝೆರಾಕ್ಸ್ ಅಂಗಡಿಯಲ್ಲಿ ಕೂತು, ಮೊಬೈಲ್ ನೋಡಿಯೇ ಜಾವಾಸ್ಕ್ರಿಪ್ಟ್ ಕಲಿತಿದ್ದ. ಅವನ ಅಪ್ಪ ಅಂಬಾರಾಯ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯ ಕೂಲಿ. ವಾಡಿ ಸ್ಟೇಷನ್ನಿನಲ್ಲಿ ಅವನನ್ನು ಯಾರೋ ಕಂಡದ್ದೇ ಕಡೆ, ಕಾಣೆಯಾಗಿ ಹದಿನಾಲ್ಕು ತಿಂಗಳಾಯಿತು. ಠಾಣೆಗೆ ಹೋದರೆ "ಕುಡುದು ಎಲ್ಲ್ಯಾರ ಬಿದ್ದಿರ್ತಾನ, ಬರ್ತಾನ ಹೋಗು" ಎಂದು ಅಟ್ಟಿದರು. ಆ ಸಿಟ್ಟಿಗೇ ದೇವಿಂದ್ರ ಪ್ರೋಗ್ರಾಮ್ ಬರೆದ.

ಗುರುತು ಸಿಗದ ಹೆಣಗಳ ಪಟ್ಟಿ, ಠಾಣೆಯ ಕಾರಕೂನರು ಬರೆದದ್ದು, ಆನ್‌ಲೈನಿನಲ್ಲಿ ಬರುತ್ತಿತ್ತು. ಅವನ ಪ್ರೋಗ್ರಾಮಿನಲ್ಲಿ ಒಬ್ಬೊಬ್ಬ ಸತ್ತವನೂ ಒಂದು ಆಬ್ಜೆಕ್ಟ್. ಎತ್ತರ, ಅಂಗಿ, ಗಾಯ, ಹಚ್ಚೆ ಅದರ ಪ್ರಾಪರ್ಟಿಗಳು, ಅಂದರೆ ಗುರುತಿನ ಖಾನೆಗಳು. ಅಪ್ಪನ ಬಲ ಮುಂಗೈ ಮೇಲೆ ಅವ್ವನ ಹೆಸರಿನ ಹಚ್ಚೆ ಇತ್ತು. ಹಾಗಾಗಿ ಅವನು ಬರೆದ ಸಾಲು: ಆಬ್ಜೆಕ್ಟಿನಲ್ಲಿ 'ಹಚ್ಚೆ' ಎಂಬ ಪ್ರಾಪರ್ಟಿ ಇದೆಯೋ ನೋಡು, ಇಲ್ಲದಿದ್ದರೆ ಬಿಸಾಡು, ಇದ್ದರೆ ಅವ್ವನ ಹೆಸರಿಗೆ ಹೊಂದಿಸಿ ನೋಡು. ಅಷ್ಟೇ.

ದಿನಾ ಮಧ್ಯಾಹ್ನ ಅವ್ವ ಭೀಮಬಾಯಿ ಬುತ್ತಿ ತಂದು ಕಟ್ಟೆಯ ಮೇಲೆ ಕೂತು ಕೇಳುವಳು.

"ನೋಡಿದೇನಪಾ?"

"ನೋಡೀನವ್ವ. ಇಲ್ಲ."

"ಇಲ್ಲಂದ್ರ ಜೀವಂತ ಅದಾನ." ಆಮೇಲೆಯೇ ರೊಟ್ಟಿ ಮುರಿಯುವಳು.

ಒಂದು ಗುರುವಾರ ಅಂಗಡಿ ಮಾಲಕ ಶಾಹನವಾಜ ಹಿಂದೆ ನಿಂತು ಸ್ಕ್ರೀನ್ ನೋಡಿದ. "ಏ ಉಸ್ತಾದ, ಕಾರಕೂನ ಬರೀಲಿಲ್ಲಂದ್ರ ಹೆಣದ ಮ್ಯಾಲ ಹಚ್ಚಿನೇ ಇಲ್ಲಂತೇನು? ನಮ್ಮ ರೇಷನ್ ಕಾರ್ಡಿನಾಗ ನಮ್ಮ ಅಮ್ಮೀ ಹೆಸರಿಲ್ಲ. ನಾ ಏನ್ ಗಿಡದಾಗ ಹುಟ್ಟೀನೇನು?"

ದೇವಿಂದ್ರನ ನಗು ಅರ್ಧಕ್ಕೇ ನಿಂತಿತು. ಹಚ್ಚೆ ಇಲ್ಲದವುಗಳನ್ನೂ ತೋರಿಸು ಎಂದು ಆ ಸಾಲು ತಿದ್ದಿದ. ನಲವತ್ತೊಂದು ಬಂದವು. ಹದಿನೇಳನೆಯದು: ವಾಡಿ ಸಮೀಪ, ಹಳಿಯ ಪಕ್ಕ, ಗಂಡಸು, ಅಂದಾಜು ಐವತ್ತು, ಎಡಗಾಲಿನ ಹೆಬ್ಬೆರಳಿಲ್ಲ, ಹಳೆಯ ಗಾಯ. ಖಣಿಯಲ್ಲಿ ಫರ್ಸಿ ಬಿದ್ದು ಹೋದ ಅಪ್ಪನ ಬೆರಳು ಅದು. ತಾರೀಖು, ಅಪ್ಪ ಕಾಣೆಯಾದ ಮೂರನೇ ದಿನ. ಕೈಯ ಬಗ್ಗೆ ಒಂದಕ್ಷರವಿಲ್ಲ.

"ಬರೀಲಿಕ್ಕಿ ಏನ್ ಧಾಡಿ ಆಗಿತ್ತು ಆ ಹಲ್ಕಟ್‌ಗಿ!" ಮೇಜು ಗುದ್ದಿದ. ಕಾರಕೂನನಿಗೆ ಹೊರಟ ಬೈಗುಳ ಸುತ್ತಿ ಬಂದು ತನಗೇ ಬಡಿಯಿತು. ಹದಿನಾಲ್ಕು ತಿಂಗಳು, ದಿನಕ್ಕೊಮ್ಮೆ, ಅಪ್ಪನನ್ನು ಎತ್ತಿ ಬಿಸಾಡಿದ್ದು ತಾನು ಬರೆದ ಸಾಲು.

ಅವ್ವ ಬಂದಳು. "ನೋಡಿದೇನಪಾ?"

ಬೆರಳಿನ ವಿಷಯವನ್ನು ಅವನು ಓದಿ ಹೇಳಿದ. ಅವ್ವ ಬುತ್ತಿಯ ಗಂಟನ್ನು ಬಿಚ್ಚದೆ ಪಕ್ಕಕ್ಕಿಟ್ಟಳು.

"ಹಚ್ಚಿ?"

"ಬರದಿಲ್ಲವ್ವ."

"ಅಷ್ಟು ದೊಡ್ಡದಾಗಿ ಹಾಕಿಸ್ಕೊಂಡಿದ್ದ, ಹುಚ್ಚಪ್ಪ." ಸೆರಗು ಬಾಯಿಗೆ ಒತ್ತಿಕೊಂಡಳು. "ಅಲ್ಲಿ ಏನಂತ ಬರದಾರ ಅವನ ಹೆಸರ?"

"ಅಪರಿಚಿತ ಅಂತ."

ಅವ್ವ ಎದ್ದಳು. "ನಡಿ, ವಾಡಿಗಿ ಹೋಗಮು. ಎಲ್ಲಿ ಹೂತಾರ ಕೇಳಮು. ಮೊದಲ ಅವನ ಹೆಸರ ಬರಸು."