ನಲವತ್ತೆರಡನೇ ಸೀನಿನ ಚಾದರ

ಪೆಟ್ಟಿಗೆಯ ಚಿಲಕ ಟಿಕ್ಕೆಂದಿತು. ಹೋದ ಚಳಿಗಾಲದ ಒಂದು ಸರಿರಾತ್ರಿ ಇದೇ ಸದ್ದಿಗೆ ನಗ್ಮಾ ಎದ್ದು ಕೂತಿದ್ದಳು. ಇಲಿ ಇರಬೇಕೆಂದು ಮತ್ತೆ ಮಲಗಿದ್ದಳು. ಈಗ ಹಗಲು. ಒಳಗೋಣೆಯಲ್ಲಿ ಅವಳ ಅಮ್ಮಿ ಖುರ್ಷಿದಬೇಗಂಳ ಶವಕ್ಕೆ ಮಾಸುಮಬಿ ಸ್ನಾನ ಮುಗಿಸುತ್ತಿದ್ದಳು. ಓಣಿಯಲ್ಲಿ ಸತ್ತ ಹೆಂಗಸರಿಗೆಲ್ಲ ಅವಳದೇ ಕೈ.

ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆ, ಕಫನ್, ಪೆಟ್ಟಿಗೆಯ ತಳದಲ್ಲಿತ್ತು. ಹಜ್‌ಗೆ ಹೋದ ಮಾವ ಮೆಕ್ಕಾದ ಪವಿತ್ರ ಜಮ್‌ಜಮ್ ನೀರಿನಲ್ಲಿ ಅದ್ದಿ ತಂದದ್ದು. "ಇದರಾಗೇ ನನ್ನ ಕಳಸ್ರಿ" ಎಂದು ಅಮ್ಮಿ ಎಷ್ಟು ಸಲ ಹೇಳಿದ್ದಳೋ. ನಗ್ಮಾ ದೊಡ್ಡ ಚಾದರ ಬಿಡಿಸಿದಳು. ಅತ್ತರಿನ ಬದಲು ಸೋಪಿನ ಪುಡಿಯ ವಾಸನೆ ಬಂತು. ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ಬರೆದಿತ್ತು: ಸೀನ್ 42.

ಆ ಅಕ್ಷರ ಯಾರದೆಂದು ಅವಳಿಗೆ ಗೊತ್ತಿತ್ತು.

*

ಹೋದ ಚಳಿಗಾಲ ಮಳಖೇಡದ ಕೋಟೆಯಲ್ಲಿ ಸಿನಿಮಾ ಶೂಟಿಂಗ್ ನಡೆದ ತಿಂಗಳು ತಾಯಿ ಮಗಳು ಅರವತ್ತು ಜನಕ್ಕೆ ರೊಟ್ಟಿ ಬಡಿಯುತ್ತಿದ್ದರು. ಮುದುಕಿಯೊಬ್ಬಳು ಸಾಯುವ ದೃಶ್ಯಕ್ಕೆ ಹಳೆಯ ಕಫನ್ ಬೇಕಿತ್ತು. ಬಟ್ಟೆ ನೋಡಿಕೊಳ್ಳುತ್ತ, ಪ್ರತಿಯೊಂದರ ಮೂಲೆಗೂ ನೀಲಿ ಶಾಯಿಯಲ್ಲಿ ಸೀನಿನ ಅಂಕಿ ಬರೆಯುತ್ತಿದ್ದ ಶಹಾಬಾದಿನ ರತ್ನದೀಪ, ನಲವತ್ತು ದಾಟಿದವನು, ಹೊಸ ಬಟ್ಟೆಯನ್ನು ಚಹಾದಲ್ಲಿ ಅದ್ದಿ ತಂದ. ಸುಳ್ಳು ಕಾಣುತ್ತದೆ ಎಂದು ನಿರ್ದೇಶಕ ಅದನ್ನು ಅವನ ಮುಖಕ್ಕೇ ಎಸೆದು, ನಾಳೆಯಿಂದ ಬರಬೇಡ ಎಂದ.

ಅದನ್ನು ಕಂಡ ಲೈಟಿನವರು ದೀಪ ಆರಿಸಿ ಕೈ ಕಟ್ಟಿ ನಿಂತರು. ಮುದುಕಿಯ ಪಾತ್ರದಾಕೆ ಬಣ್ಣದ ಮುಖದಲ್ಲೇ ಬೇವಿನ ಕೆಳಗೆ ಕೂತು, ನಿರ್ದೇಶಕ ರತ್ನದೀಪನಲ್ಲಿ ಕ್ಷಮೆ ಕೇಳುವ ತನಕ ತಾನು ಸಾಯುವುದಿಲ್ಲ ಎಂದಳು. ನಿರ್ದೇಶಕನೊಬ್ಬನ ಹೊರತು ಎಲ್ಲರೂ ನಕ್ಕರು. ಎರಡು ದಿನ ಕೆಲಸ ನಿಂತಿತು. ತನ್ನಿಂದ ಎಲ್ಲರ ಅನ್ನಕ್ಕೂ ಕುತ್ತು ಬಂತೆಂದು ರತ್ನದೀಪ ಊಟ ಬಿಟ್ಟ.

"ಒಂದು ಬಿಳೀ ಬಟ್ಟೀ ಸಲುವಾಗಿ ಯಾರರೆ ಉಪವಾಸ ಬೀಳ್ತಾರೇನೋ? ಮೊದಲ ಉಣ್ಣು" ಎಂದು ಅಮ್ಮಿ ಗದರಿದ್ದಳು.

ಮೂರನೆಯ ದಿನ ರತ್ನದೀಪನ ಕೈಯಲ್ಲಿ ಹಳೆಯ ಚಾದರವೊಂದು ಬಂತು. ನಿರ್ದೇಶಕ ಏನೋ ಗೊಣಗಿದ. ಅದನ್ನೇ ಕ್ಷಮೆ ಎಂದುಕೊಂಡು ಎಲ್ಲರೂ ಎದ್ದರು. ಚಾದರ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

*

"ಏನ್ ನೋಡಾಕತ್ತಿ ಬೇಟಿ?" ಮಾಸುಮಬಿ ಕೇಳಿದಳು. "ಕಲೆ, ಡಾಗ್ ಏನರೆ ಅದೇನು?"

ಹೇಳಿದರೆ ಇದನ್ನು ಬದಿಗಿಟ್ಟು ಸೇಡಂನಿಂದ ಹೊಸದು ತರಿಸುತ್ತಾರೆ. ವೇಷದ ಹೆಣಕ್ಕೆ ಕಫನ್ ಕೊಟ್ಟವಳೆಂದು ಅಮ್ಮಿಯ ಹೆಸರು ಮನೆಮನೆ ತಿರುಗುತ್ತದೆ.

"ಅಂಗಡಿ ಗುರ್ತು, ಖಾಲಾ."

ಆ ಮೂಲೆಯನ್ನು ಅವಳೇ ಅಮ್ಮಿಯ ಪಾದದ ಕೆಳಗೆ ಮಡಚಿದಳು.

ಅಂಗಳದಲ್ಲಿ ರತ್ನದೀಪ ನಿಂತಿದ್ದ.

"ತಂಗಿ, ಆವಾಗ ನಿಮ್ಮ ಅಮ್ಮಿ ಒಂದು ಹಳೀ ಹಾಸಿಗಿ ಚಾದರ ಕೊಟ್ಟಿದ್ದರು. ನನ್ನ ನೌಕರಿ ಉಳಿಸಿದ್ದು ಅದೇ. ಒಗದು ತಿರುಗಿ ಕೊಟ್ಟೀನಿ. ಮನ್ಯಾಗ ಇದ್ದರ ನೆನಪಿಗಿ ನನಗ ಕೊಡ್ತೀ ಏನವ್ವಾ?"

ಹಾಸಿಗೆಯ ಚಾದರ. ಹಾಗಾದರೆ ಅಮ್ಮಿ ಇವನಿಗೂ ಹೇಳಿರಲಿಲ್ಲ. ನಗ್ಮಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಮ್ಮಿ ಮುಚ್ಚಿಟ್ಟದ್ದನ್ನು ತಾನೂ ತೆರೆಯುವುದಿಲ್ಲ; ಇವನಿಗೂ ಇಲ್ಲ, ಯಾರಿಗೂ ಇಲ್ಲ.

"ಅದು ಹರಿದು ಹೋತಣ್ಣಾ."

ಹೆಣ ಹೊತ್ತ ಜನಾಜಾ ಎದ್ದಿತು. ಕಾಲ ಕಡೆ ಯಾರೋ ಜಾಗ ಬಿಟ್ಟರು. ರತ್ನದೀಪ ಅಲ್ಲಿ ಹೆಗಲು ಕೊಟ್ಟ. ಅವನು ಬರೆದ ಅಂಕಿ ಅವನ ಕಿವಿಯಿಂದ ಗೇಣು ದೂರದಲ್ಲಿ, ಹಲಗೆಯ ಮೇಲೆ, ಕೋಟೆಯ ಬದಿಯ ಖಬರಸ್ತಾನದ ದಾರಿ ಹಿಡಿಯಿತು.