ಎಡಗಡೆಯ ಸ್ಟೂಲು

"ಅದನ್ನ ಆರಿಸ್ಬೇಡ!" ಎಂದು ಅವಳು ಕೂಗಿದಾಗ ಗಂಡನ ಗೆಳೆಯ ದಪ್ಪತಂತಿಯ ಬೆರಳು ಆಗಲೇ ಸ್ವಿಚ್ಚಿನ ಮೇಲಿತ್ತು.

ಅವನು ಕೈ ಹಿಂತೆಗೆದ. ರಿಪೇರಿ ಕೋಣೆಯ ಬೆಂಚಿನ ಮೇಲಿನ ಹಳೆಯ ಆಂಪ್ಲಿಫೈಯರು ಗುಂಯ್ ಎನ್ನುತ್ತಲೇ ಇತ್ತು. ನಿನ್ನೆ ಮಧ್ಯಾಹ್ನ ಅವಳ ಗಂಡ, ಊರಿಗೆಲ್ಲ ರಿಪೇರಿ ಮೇಸ್ತ್ರಿ, ಅದರ ಮುಂದೆಯೇ ಸ್ಕ್ರೂಡ್ರೈವರ್ ಹಿಡಿದ ಹಾಗೇ ತಲೆವಾಲಿಸಿ ಹೋಗಿಬಿಟ್ಟಿದ್ದ. ಆಮೇಲೆ ಡಾಕ್ಟರು ಬಂದರು, ನೆಂಟರು ಬಂದರು, ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಿನ್ನೆಯಿಂದ ಗೋಡೆಯಾಚೆ ಅದೇ ಸದ್ದು, ಯಾರೋ ಬಾಯಿ ಮುಚ್ಚಿಕೊಂಡು ಏನೋ ಹೇಳುವ ಹಾಗೆ.

ಹೆಣ ಹೊರಕೋಣೆಯಲ್ಲಿತ್ತು. ದಪ್ಪತಂತಿ ಬೇಸ್ ಗಿಟಾರ್ ಬಾರಿಸುವವನು, ಅದಕ್ಕೇ ಆ ಅಡ್ಡಹೆಸರು; ಮೇಸ್ತ್ರಿಯ ಹಳೆಯ ಗೆಳೆಯ. ಆಂಪ್ಲಿಫೈಯರು ಅವನದೇ.

"ಇದಕ್ಕೆ ಎರಡು ಚಾನೆಲ್ ಅಕ್ಕ. ಒಂದು ಸತ್ತೋಗಿದೆ ಅಂತ ತಂದುಕೊಟ್ಟಿದ್ದೆ," ಎಂದ. "ಈ ಕಡೆ ವಾಲ್ವು ಆ ಕಡೆಗೆ ಹಾಕಿ ನೋಡಿದ್ನಂತೆ. ರೋಗ ಜಾಗ ಬಿಟ್ಟು ಕದಲ್ಲಿಲ್ಲ. ಕೊನೆಗೆ ನೋಡಿದ್ರೆ, ಗಿಟಾರ್ ವಯರ್ ಚುಚ್ಚೋ ತೂತಿನೊಳಗೆ ಒಂದು ತಗಡಿನ ಪಟ್ಟಿ ಕಿಲುಬು ಹಿಡಿದು ಕಚ್ಕೊಂಡಿತ್ತು, ಅಷ್ಟೆ. ನಿನ್ನೆ ಬೆಳಗ್ಗೆ ಫೋನ್ ಮಾಡಿ ನಗ್ತಿದ್ದ. 'ಸತ್ತಿಲ್ಲ ಕಣೋ, ಬಾಯಿ ಬಿಗಿದು ಕೂತಿದೆ' ಅಂತ."

ಅವಳಿಗೂ ನಗು ಬಂತು. ಹೆಣ ಇಟ್ಟುಕೊಂಡು ನಗುವುದೇ ಎಂದು ತುಟಿ ಕಚ್ಚಿ, ಬೆಂಚಿನ ಎಡಗಡೆಯ ಸ್ಟೂಲಿನಲ್ಲಿ ಕುಳಿತಳು. ಅದು ಅವಳದೇ ಸ್ಟೂಲು.

*

ಮಗಳು ಹೋಗಿ ಹನ್ನೆರಡು ವರ್ಷ. ಆರು ವರ್ಷದ ಕೂಸು. ಜ್ವರ ನೆತ್ತಿಗೇರಿ ಮಗು ಸೆಟೆದುಕೊಂಡಾಗ ಅವಳು ತೊಡೆಯ ಮೇಲಿಂದ ಇಳಿಸಲಾರದೆ ಕೂಗಿದ್ದೇ ಕೂಗಿದ್ದು. ಗೋಡೆಯಾಚೆ ಮೇಸ್ತ್ರಿ ಯಾವುದೋ ಆಂಪ್ಲಿಫೈಯರಿನ ಸದ್ದನ್ನು ಪೂರ್ತಿ ಏರಿಸಿಕೊಂಡು ಕುಳಿತಿದ್ದ. ಸ್ವಲ್ಪ ಮೊದಲೇ ಕರೆತಂದಿದ್ದರೆ ಎಂದರು ಆಸ್ಪತ್ರೆಯವರು.

ಮರುವರ್ಷ ಕಿವಿ ಸೋರಿ ಅವನ ಎಡಗಿವಿ ಕೇಳದಾಯಿತು.

ಬಲಗಿವಿಗೆ ಅವಳು ಹೇಳುತ್ತಿದ್ದುದು ಒಂದೇ ಮಾತು: "ಹೋಗ್ಲಿ ಬಿಡಿ, ನಿಮ್ಮ ತಪ್ಪೇನಿದೆ." ಭೂಮಿತೂಕದ ಹೆಂಗಸು ಎಂದರು ಜನ. ಭೂಮಿಯೂ ಇಲ್ಲ, ತೂಕವೂ ಇಲ್ಲ! ಸಂಜೆಯಾದರೆ ಎಡಗಡೆಯ ಸ್ಟೂಲಿನಲ್ಲಿ ಕುಳಿತು, ಬಹುವಚನ ಬಿಟ್ಟು, ಸಣ್ಣ ದನಿಯಲ್ಲಿ ಹೇಳುತ್ತಿದ್ದಳು: "ನೀನೇ ಕಣೋ ಕೊಂದಿದ್ದು. ಕೂಗಿ ಕೂಗಿ ನನ್ನ ಗಂಟಲು ಹರಿದೋಯ್ತು. ನಿನ್ನ ಡಬ್ಬಕ್ಕೆ ಬೆಂಕಿ ಬೀಳ." ಬರುಬರುತ್ತ ಬೇರೆ ಮಾತುಗಳೂ ಸೇರಿಕೊಂಡವು. "ಈಗವಳಿಗೆ ಹದಿನೆಂಟು. ಥೇಟ್ ನಿನ್ನ ಮೂಗು, ಪಾಪ." ಆಮೇಲೆ ಎದೆ ಹಗುರಾಗಿ, ಎದ್ದು ಹೋಗಿ ಅವನಿಗೆ ಬಿಸಿಬಿಸಿ ಊಟ ಬಡಿಸುತ್ತಿದ್ದಳು.

ಮೊನ್ನೆ ಸಂಜೆಯೂ ಹೇಳಿದ್ದಳು. ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ.

*

"ಅವನ ಕಿವಿ ಅಂದ್ರೆ ಕಿವಿ," ಎಂದ ದಪ್ಪತಂತಿ, ಮೂಗು ಒರೆಸಿಕೊಂಡು. "ಎಷ್ಟು ಸಣ್ಣ ಗುಂಯ್ ಇದ್ರೂ ಸರಿ, ಎಡಗಿವಿ ಸ್ಪೀಕರಿಗೆ ಇಟ್ಟು ಹಿಡಿದುಬಿಡೋನು."

"ಎಡಗಿವಿಯಾ? ಅದು ಕೇಳ್ತಿರ್ಲಿಲ್ಲ."

ಅವನು ನಾಲಗೆ ಕಚ್ಚಿಕೊಂಡ. "ಬಾಯಿತಪ್ಪಿ ಬಂತು ಅಕ್ಕ."

"ಹೇಳೋ."

"ಆರೇ ತಿಂಗಳಿಗೆ ವಾಸಿಯಾಗಿತ್ತು. ಹತ್ತು ವರ್ಷದ ಮೇಲಾಯ್ತು. ಮನೇಲಿ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ. ಯಾಕೋ ಅಂದ್ರೆ, 'ಗೊತ್ತಾದ್ರೆ ಅವಳು ಮಾತು ನಿಲ್ಲಿಸ್ಬಿಡ್ತಾಳೆ. ಮಗಳ ವಿಷಯ ಅವಳು ಬಾಯಿಬಿಡೋದು ಅಲ್ಲೊಂದೇ ಕಡೆ' ಅಂದ. ನಂಗೇನೂ ತಲೆಬುಡ ತಿಳೀಲಿಲ್ಲ."

ಅವಳು ಬೈಯುವಾಗ ಗಂಡನ ಕೈಯ ಸೋಲ್ಡರಿಂಗ್ ಐರನ್ ಒಂದು ಗಳಿಗೆ ನಿಂತುಬಿಡುತ್ತಿತ್ತು. ಬೆಸುಗೆ ಆರಲೆಂದು ನಿಲ್ಲಿಸುತ್ತಾನೆ ಅಂದುಕೊಂಡಿದ್ದಳು, ಪೆದ್ದಿ. ಹತ್ತು ವರ್ಷ ಒಂದೂ ತಪ್ಪದೆ ಕೇಳಿಸಿಕೊಂಡಿದ್ದಾನೆ. ಮೊನ್ನೆಯದನ್ನೂ ಕೇಳಿಸಿಕೊಂಡೇ ಹೋಗಿದ್ದಾನೆ. ಅಯ್ಯೋ, ಇನ್ನು ಹಿಂದಕ್ಕೆ ತಗೊಳ್ಳುವುದು ಹೇಗೆ?

"ಹೊತ್ತಾಯ್ತು, ಎತ್ತೋಣ," ಎಂದು ಹೊರಗೆ ಯಾರೋ ಅಂದರು.

"ತಾಳಿ!" ಎನ್ನುತ್ತ ಅವಳು ಓಡಿಬಂದಳು. ಹೊರಲು ಬಗ್ಗಿದ್ದವರು ನೆಟ್ಟಗಾದರು. ಅವಳು ಜನರನ್ನು ಸರಿಸಿಕೊಂಡು ಹೋಗಿ ಹೆಣದ ಎಡಗಡೆಗೆ ಕುಕ್ಕರಿಸಿದಳು.

"ಅತ್ತಿಗೆ, ಏನಾದ್ರೂ ಹೇಳೋದಿದ್ರೆ ಈ ಕಡೆ ಬನ್ನಿ," ಎಂದಳು ಅವನ ತಂಗಿ ಅಭ್ಯಾಸಬಲದಿಂದ. "ಆ ಕಿವಿ ಕೇಳಲ್ವಲ್ಲ ಅಣ್ಣಂಗೆ." ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಅತ್ತಳು.

ಅವಳು ಏಳಲಿಲ್ಲ. ಎಡಗಿವಿಗೆ ಇಟ್ಟಿದ್ದ ಹತ್ತಿಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಎಳೆದು ತೆಗೆದು, ಬಾಗಿದಳು.